ಎಡವುವ ಎದೆ

ಮಡಚಿಟ್ಟ ಹೊದಿಕೆಗಳ ಕೆಳಗೆ ಆ ಉದ್ದನೆಯ ಮರದ ಡಬ್ಬಿಯನ್ನು ತುರುಕಿ ಅಲಮಾರಿಯ ಬಾಗಿಲು ಮುಚ್ಚುವಷ್ಟರಲ್ಲಿ ಮಗಳು ಕೋಣೆಗೆ ಬಂದೇಬಿಟ್ಟಳು. ನರ್ಸಮ್ಮ ಅಲಮಾರಿಗೆ ಬೆನ್ನು ಕೊಟ್ಟು ನಿಂತಳು.

“ಏನಮ್ಮ ಹುಡುಕ್ತಿದೀಯ? ವ್ಯಾನು ಬಂತು. ಅಪ್ಪನ ಹತ್ತಿರ ಒಂದು ಗಳಿಗೆ ಕೂತ್ಕೋ ಬಾ.”

“ಏನಿಲ್ಲ. ಹೊದಿಕೆ ಸಾಲತ್ತಾ ಅಂತ ನೋಡ್ದೆ.”

ಹೊರಗೆ ರಣಬಿಸಿಲು. ಹೊದಿಕೆ ಯಾರಿಗೆ ಬೇಕಿತ್ತೋ ಏನೋ. ಆದರೆ ಗಂಡ ಸತ್ತ ಮಾರನೆಯ ದಿನ ಹೆಂಗಸು ಏನು ಹೇಳಿದರೂ ನಡೆಯುತ್ತದೆ. ಮಗಳು ಅಮ್ಮನ ಕೈ ಹಿಡಿದು ಹಜಾರಕ್ಕೆ ಕರೆದುಕೊಂಡು ಹೋದಳು.

ನರ್ಸಮ್ಮ ಯಾವ ಆಸ್ಪತ್ರೆಯಲ್ಲೂ ಕೆಲಸ ಮಾಡಿದವಳಲ್ಲ. ಗಂಡನ ನಾಡಿ ಹಿಡಿದು ಹಿಡಿದು, ಕೊನೆಗೆ ಮಾತಾಡಿಸಲು ಬಂದವರ ಮಣಿಕಟ್ಟಿಗೂ ತನಗೇ ಗೊತ್ತಿಲ್ಲದೆ ಕೈ ಹಾಕುವ ಅಭ್ಯಾಸವಾಗಿತ್ತು. ಅದನ್ನು ನೋಡಿ ಬೀದಿಯವರು ಇಟ್ಟ ಹೆಸರು ಅದು. ಗಂಡನಿಗೆ ಹೆಸರಿಟ್ಟವರು ಪ್ರೆಸ್ಸಿನವರು. ಅವನು ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ ಪುಟ ಕಟ್ಟುವವ. ಮೊಳೆಯ ಮೇಲೆ ಅಕ್ಷರವೆಲ್ಲ ತಿರುಗುಮುರುಗು. ನಮ್ಮಂಥವರಿಗೆ ನೋಡಿದರೆ ತಲೆ ಸುತ್ತಬೇಕು, ಅವನು ಅದನ್ನು ಕಾಫಿ ಹೀರುತ್ತ ಓದಿ ತಪ್ಪು ಹಿಡಿಯುತ್ತಿದ್ದ. ಹಾಗಾಗಿ ಅವನು ಕನ್ನಡಿ. ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷವಾದರೂ ಹೆಸರು ಮಾತ್ರ ಉಳಿದುಕೊಂಡಿತು, ಹೊಸದಾಗಿ ಬಂದ ಬಾಡಿಗೆಯವರು ಇವನಿಗೆ ಗಾಜಿನ ಅಂಗಡಿ ಇತ್ತೆಂದೇ ತಿಳಿದಿದ್ದರು.

ಈಗ ಕನ್ನಡಿ ಹಜಾರದ ನಡುವೆ, ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದ. ಸುತ್ತ ಮಡಚುವ ಕುರ್ಚಿಗಳಲ್ಲಿ ಜನ. ಮಗಳು ಬೆಳಗಿನಿಂದ ಬಂದವರಿಗೆಲ್ಲ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು. ಅವಳ ಮನೆ ಹಿಂದಿನ ಬೀದಿಯಲ್ಲೇ. ನಿನ್ನೆ ಬೆಳಗ್ಗೆ ತಿಂಡಿ ಕೊಡಲು ಬಂದಾಗ ಅಪ್ಪ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಪತ್ರಿಕೆಯ ಮೇಲೆ ತಲೆಯಿಟ್ಟಿದ್ದರು. ನಿದ್ದೆ ಅಂದುಕೊಂಡಳಂತೆ. ಡಾಕ್ಟರಮ್ಮ ಬಂದು ನೋಡಿದಾಗ ಪತ್ರಿಕೆ ತಲೆಕೆಳಗಾಗಿತ್ತು. ಬುದ್ಧಿಗೆ ಏನಾದರೂ ಆಗಿತ್ತಾ ಅಂತ ಅವರು ಕೇಳಿದರಂತೆ.

“ಇಲ್ಲ ಡಾಕ್ಟ್ರೇ, ಅಪ್ಪ ಯಾವಾಗಲೂ ಹಾಗೇ ಓದೋದು ಅಂದೆ. ಪತ್ರಿಕೆ ಅಮ್ಮನ ಕಡೆ ಮಾಡಿ ಹಾಸ್ತಾರೆ. ಅಮ್ಮ ಆ ಕಡೆ ಕೂತು ನೇರವಾಗಿ ಓದ್ತಾಳೆ, ಅಪ್ಪ ಈ ಕಡೆ ಕೂತು ತಲೆಕೆಳಗಾಗಿ ಓದ್ತಾರೆ. ಒಂದೇ ಪುಟ, ಇಬ್ಬರಿಗೂ.”

ಕೇಳಿದವರು ನಕ್ಕರು, ನಕ್ಕಿದ್ದಕ್ಕೆ ಸಂಕೋಚಪಟ್ಟು ನರ್ಸಮ್ಮನ ಮುಖ ನೋಡಿದರು. ಅವಳು ನಗಲಿಲ್ಲ. ಪತ್ರಿಕೆ ನಿನ್ನೆ ಖಾಲಿ ಕುರ್ಚಿಯ ಕಡೆಗೆ ತಿರುಗಿತ್ತು, ಅಷ್ಟೇ ಅವಳಿಗೆ ಕೇಳಿಸಿದ್ದು.

ಡಾಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟರು. ವಯಸ್ಸಾಗಿತ್ತು, ಕೂತಲ್ಲೇ ಹೋಗಿದ್ದಾರೆ, ಒದ್ದಾಡಿದ ಗುರುತೇ ಇಲ್ಲ, ಇಷ್ಟು ವರ್ಷ ಆ ಹೃದಯ ನಡೆದದ್ದೇ ನಿಮ್ಮ ಕೈಗುಣ ಅಂದರು. ಒಳ್ಳೆಯ ಮಾತೇ. ಆದರೆ ಆ ಮಾತು ನರ್ಸಮ್ಮನಿಗೆ ಚುಚ್ಚಿತು. ಅವನು ಗುಳಿಗೆ ಮುಟ್ಟಿಯೇ ಇರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತು. ಅವಳು ಅವನನ್ನು ಬಿಟ್ಟು ಊರಿಗೆ ಹೋದಳು, ಅವನು ಗುಳಿಗೆ ಬಿಟ್ಟ, ಎದೆ ನಿಂತಿತು. ಅದರ ಸಾಕ್ಷಿ ಹೊದಿಕೆಗಳ ಕೆಳಗಿತ್ತು.

* * *

ಮೊದಲ ಸಲ ಎದೆ ಎಡವಿದ್ದು ಪ್ರೆಸ್ಸಿನಲ್ಲಿ. ಕಟ್ಟಿದ ಪುಟವನ್ನು ಹಲಗೆಯ ಮೇಲಿಟ್ಟುಕೊಂಡು ಮಷಿನ್ ಕಡೆಗೆ ಒಯ್ಯುತ್ತಿದ್ದ ಕನ್ನಡಿಗೆ ಇದ್ದಕ್ಕಿದ್ದಂತೆ ಎದೆಯೊಳಗೆ ಯಾರೋ ಗೋಲಿ ಸುರಿದಂತಾಯಿತು. ಹಲಗೆ ಕೈಜಾರಿತು, ಒಂದು ಪುಟದ ಅಕ್ಷರವೆಲ್ಲ ನೆಲದ ಪಾಲಾಯಿತು. ಮಷಿನ್ ಓಡಿಸುತ್ತಿದ್ದ ಗೆಳೆಯ ಓಡಿಬಂದು ಎತ್ತಿ ಕೂರಿಸಿದರೆ, ಬೆವರಿನಲ್ಲಿ ತೊಯ್ದಿದ್ದ ಇವನು, “ಬೆಳಗಿಂದ ಕಟ್ಟಿದ್ದು ಕಣೋ” ಎಂದು ನೆಲ ನೋಡುತ್ತ ಕೊರಗಿದನಂತೆ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಗೆರೆ ತೆಗೆದರು. ಹೃದಯದ ಬಡಿತ ಆಗಾಗ ಲಯ ತಪ್ಪುತ್ತದೆ, ಹೆದರುವುದು ಬೇಡ, ಅಲಕ್ಷ್ಯವೂ ಬೇಡ ಅಂದರು. ಗುಳಿಗೆ ತಪ್ಪಿಸಬಾರದು. ಕಾಫಿ ಕಡಿಮೆ, ಕುಡಿತ ಬಂದ್, ನಿದ್ದೆಗೆಡುವ ಹಾಗಿಲ್ಲ, ನೀರು ಕುಡಿಯುತ್ತಿರಬೇಕು. ಬಡಿತ ತಪ್ಪಿದಾಗ ಗಾಬರಿ ಬೀಳದೆ ಕೂತು, ಮುಖಕ್ಕೆ ತಣ್ಣೀರು ಹಾಕಿ, ಮೂಗು ಬಾಯಿ ಮುಚ್ಚಿ ಹೊಟ್ಟೆ ಬಿಗಿಹಿಡಿದು ತಿಣುಕಬೇಕು. ಅದನ್ನು ಡಾಕ್ಟರೇ ಎದುರಿಗೆ ಕೂರಿಸಿಕೊಂಡು ಕಲಿಸಿದರು. ತಲೆ ಸುತ್ತಿದರೆ, ಎದೆ ನೋವು ಬಂದರೆ, ಬಡಿತ ದಾರಿಗೆ ಬರದಿದ್ದರೆ ಸೀದಾ ಆಸ್ಪತ್ರೆ.

ಗಂಡ ಇದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡ. ಹೆಂಡತಿ ಎರಡೂ ಕಿವಿಯಲ್ಲಿ ಕೇಳಿಸಿಕೊಂಡಳು. ಅವತ್ತಿನಿಂದ ಮನೆಯಲ್ಲಿ ಕಾಫಿ ತಿಳಿಯಾಯಿತು. ಎಷ್ಟು ತಿಳಿಯೆಂದರೆ, ಲೋಟದ ತಳದಲ್ಲಿ ಬರೆದದ್ದನ್ನು ಓದಬಹುದು ಎಂದು ಕನ್ನಡಿ ದೂರುತ್ತಿದ್ದ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕು. ರೇಡಿಯೊದಲ್ಲಿ ಪಂದ್ಯ ಬಿಗಿಯಾದರೆ ಅವಳು ಬಂದು ಅದರ ಕಿವಿ ತಿರುಚಿ ಆರಿಸಿಬಿಡುವಳು, ಗೆದ್ದವರು ಯಾರು ಎಂದು ಮಾರನೆಯ ದಿನ ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು. ಗುಳಿಗೆಯನ್ನಂತೂ ಅವಳೇ ಅಂಗೈಯಲ್ಲಿಟ್ಟು, ನುಂಗುವ ತನಕ ಮುಂದೆ ನಿಂತಿರುವಳು. ಬೆಳಗ್ಗೆ ಬಿಳಿಯದು, ರಾತ್ರಿ ಕೆಂಪಿನದು. ಇಷ್ಟು ವರ್ಷದಲ್ಲಿ ಒಂದು ಗುಳಿಗೆಯನ್ನೂ ಅವನು ತಾನಾಗಿ ತೆಗೆದುಕೊಂಡದ್ದಿಲ್ಲ.

ಇಷ್ಟಾದರೂ ಎದೆ ಆಗೀಗ ಎಡವುತ್ತಿತ್ತು. ಎಡವುವುದು ಅನ್ನುವುದು ಮನೆಯ ಮಾತು. ಮಗಳು ಚಿಕ್ಕವಳಿದ್ದಾಗ ಅವಳೇ ಅಂದದ್ದು, ಅಪ್ಪನ ಎದೆ ಓಡೋಕೆ ಹೋಗಿ ಎಡವಿತು ಎಂದು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿರುವಾಗ. ಎಲ್ಲಿ ಎಡವಿದರೂ ನರ್ಸಮ್ಮ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. “ಉಸಿರು ಬಿಡಿ. ನಿಧಾನ. ಈಗ ಮೂಗು ಹಿಡ್ಕೊಳ್ಳಿ.” ಬಡಿತ ದಾರಿಗೆ ಬಂದಾಗ ಅವನಿಗಿಂತ ಮೊದಲು ಅವಳ ಬೆರಳಿಗೆ ತಿಳಿಯುತ್ತಿತ್ತು.

ರಾತ್ರಿಯೂ ಅಷ್ಟೇ. ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡೇ ಅವಳು ಮಲಗುವುದು. ಅದನ್ನು ಮಲಗುವುದು ಎನ್ನಬೇಕೋ, ಕಾವಲು ಎನ್ನಬೇಕೋ. ಅವನು ಗೊರಕೆ ಹೊಡೆಯುತ್ತಿದ್ದ, ಅವಳು ಕೇಳಿಸಿಕೊಳ್ಳುತ್ತಿದ್ದಳು. ನಿದ್ದೆಗೆಡಬಾರದು ಎಂದು ಡಾಕ್ಟರು ಹೇಳಿದ್ದು ಅವನಿಗೆ ತಾನೇ.

* * *

ಕಳೆದ ವಾರ ದೂರದ ಊರಿನಲ್ಲಿದ್ದ ತಂಗಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಹೋಗಲೇಬೇಕಿತ್ತು. ಬೇರೆ ಯಾರನ್ನಾದರೂ ಕಳಿಸೋಣ ಎಂದು ನರ್ಸಮ್ಮ ದಾರಿ ಹುಡುಕುತ್ತಿದ್ದರೆ, ಕನ್ನಡಿ ಅವಳ ಚೀಲ ತಂದು ಮಂಚದ ಮೇಲಿಟ್ಟ.

“ಹೋಗಿ ಬಾರೇ. ನಾನೇನು ಹಾಲು ಕುಡಿಯೋ ಮಗುನಾ?”

“ಗುಳಿಗೆ?”

“ಬಾಯಿ ನನ್ನ ಹತ್ರಾನೇ ಇರುತ್ತಲ್ಲ.”

ಆಗ ಅವನಿಗೆ ಡಬ್ಬಿ ನೆನಪಾಯಿತು. ಪ್ರೆಸ್ಸು ಮುಚ್ಚಿದ ದಿನ ತಂದು ಅಟ್ಟದ ಮೇಲಿಟ್ಟಿದ್ದ ಡಬ್ಬಿ. ಪುಟದ ಅಂಚಿಗೆ ಹಾಕುವ ಹೂಬಳ್ಳಿಯ ಮೊಳೆಗಳನ್ನಿಡಲು ಅದರಲ್ಲಿ ಒಂದೇ ಸಾಲಿನಲ್ಲಿ ಗೂಡುಗಳಿದ್ದವು, ಮುಂದುಗಡೆ ಹಿತ್ತಾಳೆಯ ಹಿಡಿ, ಮೇಲೆ ಎರಡೂ ಕಡೆಗೆ ಸರಿಯುವ ಮುಚ್ಚಳ. ಅವಳು ಚೆನ್ನಾಗಿ ತೊಳೆದು ಒಣಗಿಸಿ, ಗೂಡಿಗೆ ಒಂದು ಬಿಳಿ ಒಂದು ಕೆಂಪು ಹಾಕುತ್ತ ಹೋದಳು. ದಿನಕ್ಕೆ ಒಂದು ಗೂಡು. ಸಾಲು ಪೂರ್ತಿ ತುಂಬಿತು. ಡಬ್ಬಿ ಖಾಲಿಯಾಗುವ ತನಕ ಇದ್ದು ಬಾ ಎಂದು ಅವನು ಬಸ್ ನಿಲ್ದಾಣದವರೆಗೆ ಬಂದು ಕಳಿಸಿಕೊಟ್ಟ.

ದಿನಾ ಸಂಜೆ ಫೋನ್ ಮಾಡುತ್ತಿದ್ದ. ತಂಗಿಯ ಕೈ ಹೇಗಿದೆ ಎಂದು ಕೇಳುವುದಕ್ಕೂ ಮೊದಲು ಅವನು ಕೇಳುತ್ತಿದ್ದದ್ದು ಒಂದೇ: “ನಿದ್ದೆ ಬಂತಾ?” ಬಂದಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಗಿತ್ತು, ಆದರೂ ಒಪ್ಪಿಕೊಂಡಿದ್ದಳು. ಬೆರಳ ತುದಿಯಲ್ಲಿ ಯಾರ ಬಡಿತವೂ ಇಲ್ಲದೆ, ತಂಗಿಯ ಮನೆಯ ಹಳೆಯ ಹಾಸಿಗೆಯ ಮೇಲೆ ಅವಳು ಕೊರಡಿನಂತೆ ಮಲಗಿದ್ದಳು. ನಿನ್ನೆ ಮಗಳ ಫೋನ್ ಬಂದಾಗಲೂ, ಬಿಸಿಲು ಏರಿದ್ದರೂ, ಅವಳು ಗಾಢ ನಿದ್ದೆಯಲ್ಲಿದ್ದಳು. ತಂಗಿ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಸಂಜೆ ಮನೆ ತಲುಪಿದವಳು ನೇರ ಕಿಟಕಿಯ ಹತ್ತಿರ ಹೋದಳು. ಡಬ್ಬಿ ಅವಳು ಇಟ್ಟುಹೋದಲ್ಲೇ ಇತ್ತು. ಮುಚ್ಚಳವನ್ನು ಸ್ವಲ್ಪವೇ ಸರಿಸಿದಳು. ಮೊದಲ ಗೂಡಿನಲ್ಲಿ ಒಂದು ಬಿಳಿ, ಒಂದು ಕೆಂಪು. ಎರಡನೆಯದರಲ್ಲೂ ಹಾಗೆಯೇ. ಹೋದ ದಿನವೇ ತೆಗೆದುಕೊಂಡಿಲ್ಲ, ಮರುದಿನವೂ ಇಲ್ಲ. ಮುಂದೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಮುಚ್ಚಳ ಎಳೆದುಬಿಟ್ಟಳು.

* * *

ಚಿತಾಗಾರದಿಂದ ಮರಳಿದಾಗ ಮಧ್ಯಾಹ್ನವಾಗಿತ್ತು. ಬಾಡಿಗೆ ಕುರ್ಚಿಯವರು ಬೇರೆ ಕಡೆ ಬೇಕೆಂದು ಅರ್ಧ ಕುರ್ಚಿ ಹೊತ್ತುಕೊಂಡು ಹೋಗಿದ್ದರು. ಉಳಿದ ಜನ ನಿಂತೇ ಇದ್ದರು. ಹಾಸಲು ಏನಾದರೂ ತರುತ್ತೇನೆ ಎಂದು ಮಗಳು ಒಳಗೆ ಹೋದಳು. ನರ್ಸಮ್ಮನಿಗೆ ಹೊದಿಕೆಯ ಕೆಳಗಿನ ಡಬ್ಬಿ ನೆನಪಾಗಿ, ಎದ್ದು, ಕೋಣೆ ಸೇರುವಷ್ಟರಲ್ಲಿ ತಡವಾಗಿತ್ತು. ಮಗಳ ಒಂದು ಕಂಕುಳಲ್ಲಿ ಹೊದಿಕೆಗಳು, ಇನ್ನೊಂದು ಕೈಯಲ್ಲಿ ಡಬ್ಬಿ.

“ಇದ್ಯಾಕಮ್ಮ ಇಲ್ಲಿದೆ?”

“ಅರೆ, ನಮ್ಮ ಹೂವಿನ ಡಬ್ಬಿ” ಎಂದು ಬಾಗಿಲಲ್ಲಿ ಯಾರೋ ಗುಡುಗಿದರು. ಪ್ರೆಸ್ಸಿನ ಗೆಳೆಯ. ಈ ಮನೆಯಲ್ಲಿ ಅವನು ಮಷಿನ್ ಮಾವ. ಆಯುಷ್ಯವೆಲ್ಲ ಆ ಯಂತ್ರದ ಗದ್ದಲದಲ್ಲಿ ಕಳೆದು ಅವನ ಕಿವಿ ಮಂದವಾಗಿತ್ತು. ಮೆಲ್ಲಗೆ ಮಾತಾಡುವುದು ಹೇಗೆಂದು ಅವನು ಯಾವತ್ತೋ ಮರೆತಿದ್ದ. ಚಿತಾಗಾರದಲ್ಲೂ ಅವನ ಪಿಸುಮಾತು ಹೊರಗಿನ ವ್ಯಾನಿನವನಿಗೆ ಕೇಳಿಸಿತ್ತು. ಹಳೆಯ ಸ್ನೇಹಿತನನ್ನು ಕಂಡವನಂತೆ ಅವನು ಡಬ್ಬಿ ಇಸಿದುಕೊಂಡು ಸವರಿದ.

“ಅದನ್ನ ತೆಗೀಬೇಡಿ” ಅಂದಳು ನರ್ಸಮ್ಮ.

ಅವನಿಗೆ ಕೇಳಿಸಲಿಲ್ಲ. ಹಿತ್ತಾಳೆಯ ಹಿಡಿ ತನ್ನ ಕಡೆ ಬರುವಂತೆ ಡಬ್ಬಿಯನ್ನು ಮಂಚದ ಮೇಲಿಟ್ಟ. ನರ್ಸಮ್ಮ ಮುಚ್ಚಳದ ಮೇಲೆ ಕೈಯೂರಿದಳು. ಬೆಳಗಿನಿಂದ ಬಿಗಿಹಿಡಿದದ್ದು ಬಾಯಿಗೆ ಬಂದೇಬಿಟ್ಟಿತು.

“ಅವರು ಗುಳಿಗೆ ಮುಟ್ಟೇ ಇಲ್ಲ.”

“ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ ಅತ್ತಿಗೆ.”

“ಗುಳಿಗೆ ತಗೊಂಡಿಲ್ಲ ಅವರು. ನಾನು ಹೋದ ದಿನದಿಂದಾನೇ ಬಿಟ್ಟಿದಾರೆ. ನಾನು ಅಲ್ಲಿ ಹಾಯಾಗಿ ನಿದ್ದೆ ಮಾಡ್ತಿದ್ದೆ, ಇವರು ಇಲ್ಲಿ ಗುಳಿಗೆ ಇಲ್ಲದೆ ಹೋದರು.”

ಹಜಾರದಲ್ಲಿದ್ದವರು ಕೋಣೆಯ ಕಡೆ ತಿರುಗಿದರು. ಮಗಳ ಕಂಕುಳಿಂದ ಹೊದಿಕೆಗಳು ಜಾರಿದವು. ಅಮ್ಮ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದದ್ದು ಯಾಕೆ ಎಂದು ಅವಳಿಗೆ ಈಗ ಅರ್ಥವಾಯಿತು. ಹೋಗಿ ಅಮ್ಮನ ಬೆನ್ನಿಗೆ ಕೈ ಹಾಕಿದಳು.

ಮಷಿನ್ ಮಾವ ನರ್ಸಮ್ಮನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ಮುಚ್ಚಳವನ್ನು ಬಲಗಡೆಯಿಂದ ಎಡಕ್ಕೆ ತಳ್ಳಿದ. ಬಲ ತುದಿಯ ಗೂಡು ಖಾಲಿ. ಅದರ ಪಕ್ಕದ್ದೂ ಖಾಲಿ. ಇನ್ನಷ್ಟು ತಳ್ಳಿದ.

“ನೀವು ಯಾವ ಕಡೆಯಿಂದ ನೋಡಿದ್ರಿ?”

“ಯಾವ ಕಡೆಯಿಂದ ಅಂದ್ರೆ? ಮೊದಲಿಂದ.”

“ಅದೇ, ಎಡಗಡೆಯಿಂದ. ಅತ್ತಿಗೆ, ಪುಟ ಕಟ್ಟೋನಿಗೆ ಮೊದಲು ಅಂದ್ರೆ ಬಲಗಡೆ. ಮೊಳೆಯಲ್ಲಿ ಎಲ್ಲ ತಿರುಗಿರತ್ತಲ್ಲ, ಮಷಿನ್ ಮೇಲೆ ಕೂತ ಪುಟದ ಸಾಲು ಬಲಗಡೆ ಶುರುವಾಗೋದು. ಈ ಡಬ್ಬಿಗೆ ಅವನು ಎಡಗಡೆಯಿಂದ ಕೈ ಹಾಕಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ.” ದಪ್ಪ ಬೆರಳನ್ನು ಖಾಲಿ ಗೂಡುಗಳ ಮೇಲೆ ಒಂದೊಂದಾಗಿ ಇಡುತ್ತ ಬಂದ. “ಇದು ನೀವು ಬಸ್ಸು ಹತ್ತಿದ ದಿನ. ಇದು ಮಾರನೇ ದಿನ. ಇದು ಮೊನ್ನೆದು.”

ಮುಂದಿನ ಗೂಡಿನಲ್ಲಿ ಅವನ ಬೆರಳು ನಿಂತಿತು. ಅದರಲ್ಲಿ ಕೆಂಪು ಗುಳಿಗೆ ಒಂದೇ ಇತ್ತು. ಅಲ್ಲಿಂದಾಚೆ, ಎಡ ತುದಿಯವರೆಗೂ, ಎಲ್ಲ ಗೂಡು ತುಂಬಿದ್ದವು.

ನರ್ಸಮ್ಮ ಬಗ್ಗಿ ನೋಡಿದಳು. ಬೆರಳು ಹಾಕಿ ಗೂಡಿನ ಮೂಲೆಯನ್ನೆಲ್ಲ ತಡವಿದಳು. ಬಿಳಿಯದು ಇರಲಿಲ್ಲ. ನಿನ್ನೆ ಬೆಳಗ್ಗೆ ಅವನು ಎದ್ದು, ಬಿಳಿಯದನ್ನು ನುಂಗಿ, ಪತ್ರಿಕೆಯನ್ನು ಅವಳ ಕುರ್ಚಿಯ ಕಡೆ ಮಾಡಿ ಹಾಸಿಕೊಂಡು ಓದಲು ಕೂತಿದ್ದ. ಕೆಂಪಿನದು ರಾತ್ರಿಯದು. ಅದು ಇರಬೇಕಾದ ಕಡೆಯೇ ಇತ್ತು.

“ಒಂದೂ ತಪ್ಪಿಸಿಲ್ಲ” ಅಂದಳು. ಯಾರಿಗೆ ಹೇಳಿದಳೋ. ಮತ್ತೆ ಅಂದಳು, “ಒಂದೂ ತಪ್ಪಿಸಿಲ್ಲ ಕಣೇ.”

“ಇಲ್ಲಮ್ಮ” ಅಂದಳು ಮಗಳು.

ಬಾಗಿಲಿಗೆ ಬಂದು ನಿಂತಿದ್ದ ಡಾಕ್ಟರಮ್ಮ, ತಾವು ಬೆಳಗ್ಗೆ ಹೇಳಿದ್ದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಅವರ ಹೊತ್ತು ಬಂದಿತ್ತು ಅಷ್ಟೇ ಎಂದರು. ಈ ಸಲ ಆ ಮಾತು ನರ್ಸಮ್ಮನ ಒಳಗೆ ಇಳಿಯಿತು. ಅವಳು ಮಂಚದ ಮೇಲೆ ಕೂತಳು. ಎದೆಯ ಮೇಲಿಂದ ಯಾರೋ ಅಲಮಾರಿ ಎತ್ತಿದಂತಾಗಿತ್ತು. ಮೊದಲು ಬಂದದ್ದು ನಗು.

“ಈ ಮನುಷ್ಯ ಗುಳಿಗೇನೂ ಉಲ್ಟಾ ನುಂಗಿದಾರೆ ನೋಡಿ” ಎಂದು ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ತಡೆಯಲು ಹೋಗಲಿಲ್ಲ. ಮಗಳೂ ಅತ್ತಳು. ಹಜಾರದಲ್ಲಿ ಯಾರೋ ಉಸ್ಸೆಂದು ಉಸಿರು ಬಿಟ್ಟು, ನೀರು ಕೊಡಿ ಅವರಿಗೆ ಅಂದರು.

ಮಷಿನ್ ಮಾವನ ಹೊಟ್ಟೆಯಲ್ಲಿ ಇನ್ನೊಂದು ಮಾತಿತ್ತು. ಹೇಳಲೋ ಬೇಡವೋ ಎಂದು ಡಬ್ಬಿಯ ಹಿಡಿಯನ್ನು ತಿಕ್ಕುತ್ತ ನಿಂತಿದ್ದವನು ಕೊನೆಗೆ ಹೇಳಿಯೇಬಿಟ್ಟ. ಮೊನ್ನೆ ಸಂಜೆ ಇಬ್ಬರೂ ಉದ್ಯಾನದ ಬೆಂಚಿನ ಮೇಲೆ ಕೂತಿದ್ದಾಗ ಕನ್ನಡಿಯ ಎದೆ ಎಡವಿತ್ತಂತೆ.

ನರ್ಸಮ್ಮ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. “ಕೂತ್ಕೊಂಡ್ರಾ?”

“ಕೂತೇ ಇದ್ವಿ.”

“ತಣ್ಣೀರು?”

“ಅಲ್ಲೇ ನಲ್ಲಿ ಇತ್ತು. ಮುಖಕ್ಕೆ ಹಾಕ್ಕೊಂಡ. ಆಮೇಲೆ ಮೂಗು ಹಿಡ್ಕೊಂಡು ತಿಣುಕಿದ. ಮಕ್ಕಳೆಲ್ಲ ಆಟ ಬಿಟ್ಟು ಅವನನ್ನೇ ನೋಡ್ತಾ ನಿಂತವು.”

“ತಲೆ ಸುತ್ತಿತಾ? ನೋವು?”

“ಏನಿಲ್ಲ. ಒಂದು ಸಲಕ್ಕೆ ಸರಿಹೋಗಲಿಲ್ಲ, ಇನ್ನೊಂದು ಸಲ ಮಾಡಿದ. ಆಮೇಲೆ ತನ್ನ ಕೈ ತಾನೇ ಹಿಡ್ಕೊಂಡು, ಬಂತು ದಾರಿಗೆ ಅಂದ. ಆಸ್ಪತ್ರೆಗೆ ಹೋಗೋಣ ಅಂದೆ, ಬೇಡ ಅಂದ. ಮನೆವರೆಗೆ ನಡ್ಕೊಂಡೇ ಬಂದ್ವಿ, ದಾರಿಯುದ್ದಕ್ಕೂ ನನ್ನ ತಮಾಷೆ ಮಾಡ್ಕೊಂಡೇ ಬಂದ.” ಅವನು ಡಬ್ಬಿಯ ಮುಚ್ಚಳ ಎಳೆದಿಟ್ಟ. “ಅವಳಿಗೆ ಫೋನ್ ಮಾಡಿಗೀಡೀಯ ಜೋಕೆ ಅಂದ. ಹೇಳಿದ್ರೆ ರಾತ್ರೋರಾತ್ರಿ ಬಸ್ಸು ಹತ್ತಿ ಬರ್ತಾಳೆ. ನನ್ನ ಕಟ್ಟಿಕೊಂಡು ಪಾಪ ಅವಳು ನೆಟ್ಟಗೆ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ. ಅಲ್ಲಿ ಮಲಗ್ತಿದಾಳಂತೆ ಕಣೋ, ಬಿಸಿಲು ಬರೋ ತನಕ. ಮಲಗಲಿ ಬಿಡು ಅಂದ. ಅದನ್ನ ಹೇಳುವಾಗ ಎಷ್ಟು ಖುಷಿಯಾಗಿದ್ದ ಅಂತೀರಿ.”

ಇದಷ್ಟನ್ನೂ ಅವನು ತನ್ನ ಮಾಮೂಲಿ ದನಿಯಲ್ಲೇ ಹೇಳಿದ್ದರಿಂದ ಹಜಾರದಲ್ಲಿದ್ದವರಿಗೂ, ಜಗುಲಿಯಲ್ಲಿದ್ದವರಿಗೂ, ಪ್ರಾಯಶಃ ಎದುರು ಮನೆಯವರಿಗೂ ಕೇಳಿಸಿತು. ಗಂಡಹೆಂಡಿರ ಗುಟ್ಟೊಂದು ಬೀದಿಪಾಲಾಯಿತು. ನರ್ಸಮ್ಮನಿಗೆ ಅದರಿಂದ ಸಂಕೋಚವೇನೂ ಆಗಲಿಲ್ಲ. ಎರಡು ಸಲ ತಿಣುಕಿದರಾ, ಪರವಾಗಿಲ್ಲ, ಚೆನ್ನಾಗೇ ಕಲಿತಿದ್ದರು ಎಂದಳು. ಆ ಮಾತಿನಲ್ಲಿ ಹೆಮ್ಮೆಯಿತ್ತು.

ಮಗಳು ಕಾಫಿ ಮಾಡಿ ತಂದಳು. ಅಮ್ಮನ ಹದ ಅಲ್ಲ, ಗಟ್ಟಿ ಕಾಫಿ. ನರ್ಸಮ್ಮ ಅದನ್ನು ಪೂರ್ತಿ ಕುಡಿದು, ಕಿಟಕಿ ಪಕ್ಕದ ಮೇಜಿನ ಹತ್ತಿರ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ನಿನ್ನೆಯ ಪತ್ರಿಕೆ ಇನ್ನೂ ಅಲ್ಲೇ, ಅವಳ ಕಡೆಗೇ ಮುಖ ಮಾಡಿ ಹಾಸಿತ್ತು. ಒಂದೆರಡು ಸಾಲು ಓದಿದಳು. ಮಗಳು ಹೊದಿಕೆಗಳನ್ನು ನೆಲಕ್ಕೆ ಹಾಸಿದಳು, ಜನ ಗೋಡೆಗೊರಗಿ ಕೂತು, ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡದಲ್ಲಿ ಕೂತಿದ್ದ ಕನ್ನಡಿಯನ್ನು ನೆನೆದು ನಗತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ, ಸುದ್ದಿ ತಡವಾಗಿ ತಿಳಿದ ಪ್ರೆಸ್ಸಿನ ಹಳೆಯ ಮಾಲೀಕರು ಚಪ್ಪಲಿ ಬಿಟ್ಟು ಒಳಗೆ ಬಂದರು. ಅಯ್ಯೋ ಎನ್ನುತ್ತ ಮಷಿನ್ ಮಾವನ ಕಡೆ ಕೈಚಾಚಿ ಏನೋ ಕೇಳಲು ಹೊರಟರು. ಮಷಿನ್ ಮಾವ ಮಾತಾಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಕಿಟಕಿಯ ಕಡೆ ತೋರಿಸಿದ. ಅಲ್ಲಿ ನರ್ಸಮ್ಮ ಪತ್ರಿಕೆಯ ಮೇಲೆ ಕೆನ್ನೆಯಿಟ್ಟು, ಬಾಯಿ ತುಸು ತೆರೆದು, ಹಾಡುಹಗಲಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಳು. ಅವಳ ಬಲಗೈ ಮೇಜಿನ ಆಚೆ ಬದಿಗೆ ಚಾಚಿತ್ತು. ಬೆರಳುಗಳು ಏನನ್ನೂ ಹಿಡಿಯದೆ ಸಡಿಲವಾಗಿ ಬಿಚ್ಚಿಕೊಂಡಿದ್ದವು.